ಯಂತ್ರಕ್ಕೆ ಮನೆ ತೋರಿಸುವ ಬೆಳಕಿನ ಕಣ್ಣು

ರಾತ್ರಿ ಊಟದ ಹೊತ್ತಿಗೆ ಥಟ್ಟನೆ ಕರೆಂಟು ಹೋಗುತ್ತದೆ. ಕಣ್ಣಿಗೆ ಏನೂ ಕಾಣದು. ಆಗ ನೀವು ಏನು ಮಾಡುತ್ತೀರಿ? ಕೈ ಚಾಚಿ ತಡವುತ್ತಾ ಹೋಗಿ ಬಾಗಿಲ ಚೌಕಟ್ಟನ್ನು ಮುಟ್ಟುತ್ತೀರಿ. ಅಲ್ಲಿಂದ ನಾಲ್ಕು ಹೆಜ್ಜೆ ಬಲಕ್ಕೆ ಅಡುಗೆಮನೆ, ಎರಡು ಹೆಜ್ಜೆ ಮುಂದೆ ಬೆಂಕಿಪೊಟ್ಟಣದ ಗೂಡು. ಚೌಕಟ್ಟು ಕೈಗೆ ಸಿಕ್ಕಿದ ಮೇಲೆ ಕತ್ತಲೆಯ ಭಯವಿಲ್ಲ. ಅದು ಸಿಗುವವರೆಗೆ ಮಾತ್ರ, ಎಷ್ಟೇ ವರ್ಷ ಬಾಳಿದ ಮನೆಯಾದರೂ ನೀವು ಎಲ್ಲಿದ್ದೀರೆಂಬುದು ನಿಮಗೇ ತಿಳಿಯದು.

ಗಣಕದ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರದ ಪಾಡೂ ಇದೇ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಅದು ಕತ್ತಲಲ್ಲಿ ನಿಂತ ಮನುಷ್ಯ. ಅದು ಮೊದಲು ಮುಟ್ಟಿ ನೋಡುವ ಬಾಗಿಲ ಚೌಕಟ್ಟಿಗೆ 'ಹೋಮ್ ಸ್ವಿಚ್' ಎಂದು ಹೆಸರು. ಇಂಥ ಸ್ವಿಚ್ಚನ್ನು ಆರಿಸುವುದು, ಜೋಡಿಸುವುದು ಸಣ್ಣ ಕೆಲಸವೆಂದು ತೋರುತ್ತದೆ. ಆದರೆ ಎಷ್ಟೋ ವಿದ್ಯಾರ್ಥಿಗಳ ಪ್ರಾಜೆಕ್ಟು ಮುಗ್ಗರಿಸುವುದು ಈ ಸಣ್ಣ ಜಾಗದಲ್ಲೇ. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ.

ಮೊದಲನೆಯದೂ ಪರಿವರ್ತಿತ ಯಂತ್ರವೇ

ತಿರುಗುವ ಕಟರಿನ ಕೆಳಗೆ ಲೋಹದ ತುಂಡನ್ನು ಸರಿಸಿ ಬೇಕಾದ ಆಕಾರಕ್ಕೆ ಕೆತ್ತುವುದು ಮಿಲ್ಲಿಂಗ್. ಮೇಜು ಎಡಬಲಕ್ಕೆ ಸರಿಯುವುದು ಎಕ್ಸ್ ದಿಕ್ಕು, ಹಿಂದೆ ಮುಂದೆ ಸರಿಯುವುದು ವೈ ದಿಕ್ಕು, ಕಟರ್ ಇರುವ ತಲೆ ಮೇಲೆ ಕೆಳಗೆ ಚಲಿಸುವುದು ಜೆಡ್ ದಿಕ್ಕು. ಹಳೆಯ ಯಂತ್ರಗಳಲ್ಲಿ ಈ ಮೂರಕ್ಕೂ ಕೈಯಿಂದ ತಿರುಗಿಸುವ ಚಕ್ರಗಳಿರುತ್ತವೆ. ಆ ಚಕ್ರಗಳ ಜಾಗದಲ್ಲಿ ಮೋಟಾರುಗಳನ್ನು ಕೂರಿಸಿ ಗಣಕಕ್ಕೆ ಜೋಡಿಸಿದರೆ ಅದೇ ಪರಿವರ್ತಿತ ಮಿಲ್ಲಿಂಗ್ ಯಂತ್ರ.

ಇದನ್ನು ಬಡವರ ಉಪಾಯವೆಂದು ಮೂಗು ಮುರಿಯಬೇಕಾಗಿಲ್ಲ. ಜಗತ್ತಿನ ಮೊದಲ ಸಂಖ್ಯಾ ನಿಯಂತ್ರಿತ ಯಂತ್ರವೇ ಹೀಗೆ ಹುಟ್ಟಿದ್ದು. ಅಮೆರಿಕದ ಜಾನ್ ಪಾರ್ಸನ್ಸ್ ಅವರ ಕಲ್ಪನೆಗೆ 1949ರಲ್ಲಿ ಅಲ್ಲಿನ ವಾಯುಪಡೆ ಹಣ ನೀಡಿತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯದವರು ಸಿನ್ಸಿನಾಟಿ ಕಂಪೆನಿಯ ಹೈಡ್ರೋಟೆಲ್ ಎಂಬ ಮಿಲ್ಲಿಂಗ್ ಯಂತ್ರವನ್ನು ಮಾರ್ಪಡಿಸಿ, ತೂತು ಕೊರೆದ ಕಾಗದದ ಪಟ್ಟಿಯ ಆಜ್ಞೆಯಂತೆ ಅದು ಕೆಲಸ ಮಾಡುವುದನ್ನು 1952ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾದದ್ದು ಅದರ ಮರುವರ್ಷ, 1953ರಲ್ಲಿ. ಯಂತ್ರಗಳನ್ನು ತಯಾರಿಸುವ ಯಂತ್ರಗಳ ಕಸುಬು ಅಂದಿನಿಂದ ಈ ಊರಿನ ಮಣ್ಣಿನಲ್ಲಿ ಸೇರಿಹೋಗಿದೆ. ಪೀಣ್ಯದ ಸಂದುಗಳಲ್ಲಿ ಇಂದಿಗೂ ಹಳೆಯ ಮಿಲ್ಲಿಂಗ್ ಯಂತ್ರವೊಂದು ಕೈಬದಲಾಗುವುದು ಅಪರೂಪವಲ್ಲ.

ಹೆಜ್ಜೆ ಎಣಿಸುವ ಮೋಟಾರು

ಇಂಥ ಯಂತ್ರಗಳಿಗೆ ಹೆಚ್ಚಾಗಿ ಬಳಸುವುದು ಸ್ಟೆಪ್ಪರ್ ಮೋಟಾರು. ಅದು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಸುತ್ತುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟಾಗಿ ಒಡೆದರೆ ಸುತ್ತಿಗೆ 1600 ಕಿರುಹೆಜ್ಜೆ. ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುವ ಬಾಲ್ ಸ್ಕ್ರೂ ಇದ್ದರೆ, ಒಂದು ಮಿಲಿಮೀಟರಿಗೆ 320 ಕಿರುಹೆಜ್ಜೆಗಳಾದವು. ಲೆಕ್ಕ ಅಚ್ಚುಕಟ್ಟು. ಆದರೆ ಮೋಟಾರಿಗೆ ಎಣಿಸುವುದು ಗೊತ್ತೇ ಹೊರತು, ಎಲ್ಲಿಂದ ಎಣಿಸಬೇಕೆಂಬುದು ಗೊತ್ತಿಲ್ಲ. ವಿದ್ಯುತ್ ಹೋಯಿತೆಂದರೆ ಲೆಕ್ಕ ಅಳಿಸಿಹೋಯಿತು. ಕಟರ್ ಎಲ್ಲೋ ಸಿಕ್ಕಿಕೊಂಡು ನಾಲ್ಕು ಹೆಜ್ಜೆ ತಪ್ಪಿದರೂ ಗಣಕಕ್ಕೆ ಸುದ್ದಿ ಮುಟ್ಟುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಮೊದಲು ಯಂತ್ರ 'ಮನೆಗೆ' ಹೋಗಿ ಬರಬೇಕು. ಮೊದಲು ಜೆಡ್ ದಿಕ್ಕಿನಲ್ಲಿ ಕಟರ್ ಮೇಲೇರಬೇಕು. ಕೆಳಗಿನ ವೈಸಿಗೆ ತಗಲದೆ ಪಾರಾದ ಮೇಲೆಯೇ ಎಕ್ಸ್, ವೈ ದಿಕ್ಕುಗಳ ಸರದಿ. ಪ್ರತಿ ದಿಕ್ಕಿನಲ್ಲೂ ಸ್ವಿಚ್ ತಾಗಿದ ಜಾಗವನ್ನು ಗಣಕ ಗುರುತಿಟ್ಟುಕೊಳ್ಳುತ್ತದೆ. ಆಮೇಲಿನ ಅಳತೆಗಳಿಗೆಲ್ಲ ಅದೇ ಆಧಾರ. ಅರ್ಧ ಮಾಡಿದ ಕೆಲಸದ ನಡುವೆ ಕರೆಂಟು ಹೋದರೂ, ಮತ್ತೆ ಮನೆಗೆ ಹೋಗಿ ಬಂದರೆ ಹಳೆಯ ಬಿಂದುವನ್ನು ಹುಡುಕಬಹುದು. ಮೇಜು ಎಲ್ಲಿಯವರೆಗೆ ಹೋಗಬಹುದೆಂಬ ಗಡಿಯನ್ನೂ ತಂತ್ರಾಂಶದಲ್ಲಿ ಬರೆದಿಡಬಹುದು.

ಯಾವ ಸ್ವಿಚ್ ಒಳ್ಳೆಯದು?

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು ಮೈಕ್ರೋಸ್ವಿಚ್. ಗುಂಡಿ ಒತ್ತಿದರೆ 'ಟಕ್' ಎನ್ನುವ ಸಾಮಾನ್ಯ ಸ್ವಿಚ್. ಅಗ್ಗ, ಅರ್ಥವಾಗುವುದು ಸುಲಭ. ಆದರೆ ಒಳಗಿನ ಲೋಹದ ತುದಿಗಳು ಕೂಡುವಾಗ ಕ್ಷಣಕಾಲ ಕುಣಿಯುತ್ತವೆ, ವರ್ಷಗಳಲ್ಲಿ ಸವೆಯುತ್ತವೆ. ಉದ್ದನೆಯ ಸನ್ನೆ ಇರುವ ಸ್ವಿಚ್ಚಿನಲ್ಲಿ ಆ ಸನ್ನೆಯೇ ಬಾಗಿ ಅಳತೆ ಬದಲಾಗುತ್ತದೆ.

ಎರಡನೆಯದು ಇಂಡಕ್ಟಿವ್ ಪ್ರಾಕ್ಸಿಮಿಟಿ ಸ್ವಿಚ್. ಲೋಹ ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುತ್ತದೆ. ಎಣ್ಣೆ, ಕೂಲೆಂಟ್ ನೀರು ಯಾವುದಕ್ಕೂ ಜಗ್ಗದು. ಆದರೆ ಉಕ್ಕಿನ ಚೂರುಗಳು ಮುಖಕ್ಕೆ ಮೆತ್ತಿಕೊಂಡರೆ ಅವನ್ನೂ ಲೋಹವೆಂದೇ ತಿಳಿಯುತ್ತದೆ.

ಮೂರನೆಯದೇ ನಮ್ಮ ಇಂದಿನ ನಾಯಕ, ಬೆಳಕಿನ ಸ್ವಿಚ್. ಇಂಗ್ಲಿಷಿನ 'ಯು' ಅಕ್ಷರದಂಥ ಪುಟ್ಟ ಪ್ಲಾಸ್ಟಿಕ್ ತುಂಡು. ಒಂದು ಕಾಲಿನಲ್ಲಿ ಅತಿಗೆಂಪು ಕಿರಣ ಬೀರುವ ಎಲ್‌ಇಡಿ, ಎದುರಿನ ಕಾಲಿನಲ್ಲಿ ಆ ಕಿರಣವನ್ನು ನೋಡುವ ಫೋಟೋ ಟ್ರಾನ್ಸಿಸ್ಟರ್. ನಡುವೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಸಂದು. ಆ ಸಂದಿನಲ್ಲಿ ತೆಳುವಾದ ತಗಡು ಅಡ್ಡ ಬಂದರೆ ಕಿರಣ ಕಡಿಯುತ್ತದೆ, ಸುದ್ದಿ ಗಣಕಕ್ಕೆ ಮುಟ್ಟುತ್ತದೆ. ಈ ತಗಡಿಗೆ 'ಫ್ಲ್ಯಾಗ್' ಎನ್ನುತ್ತಾರೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಸವೆತವಿಲ್ಲ. ವೇಗವಂತೂ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ.

ಇದು ನಿಮಗೆ ಹೊಸದೇನಲ್ಲ. ಹಿಂದಿನ ಫ್ಲಾಪಿ ಡ್ರೈವುಗಳು ತಮ್ಮ ಸೊನ್ನೆಯ ಪಥವನ್ನು ಕಂಡುಕೊಳ್ಳುತ್ತಿದ್ದುದು ಇಂಥದೇ ಕಣ್ಣಿನಿಂದ. ಗುಂಡಿನ ಮೌಸಿನ ಹೊಟ್ಟೆಯಲ್ಲೂ ಇದ್ದದ್ದು ಇದೇ ತತ್ವ. ಪ್ರಿಂಟರುಗಳಲ್ಲಿ ಕಾಗದ ಬಂತೇ ಎಂದು ನೋಡುವುದೂ ಇಂಥ ಕಣ್ಣೇ. ಕೆಟ್ಟ ಪ್ರಿಂಟರೊಂದನ್ನು ಬಿಚ್ಚಿದರೆ ಒಂದೆರಡಾದರೂ ಸಿಕ್ಕಾವು. ಹೊಸದನ್ನೇ ಕೊಳ್ಳುವುದಾದರೂ ಬಿಡಿ ತುಂಡಿಗೆ ದೊಡ್ಡ ಖರ್ಚಿಲ್ಲ.

ಆದರೆ ಇದರ ವೈರಿಯನ್ನೂ ಹೇಳಬೇಕು. ಕಣ್ಣಿಗೆ ಕಸ ಬಿದ್ದರೆ ಕಾಣದು. ಯಂತ್ರದ ಮೇಲೆ ಧಾರಾಕಾರ ಕೂಲೆಂಟ್ ಸುರಿಯುವುದಿದ್ದರೆ ಬೆಳಕಿನ ಸ್ವಿಚ್ಚಿನ ಆಸೆ ಬಿಟ್ಟು ಪ್ರಾಕ್ಸಿಮಿಟಿ ಸ್ವಿಚ್ಚನ್ನೇ ಆರಿಸಿ. ಒಣಗಿದ ಕೆಲಸ, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಮೇಣ ಕೆತ್ತುವ ಚಿಕ್ಕ ಯಂತ್ರವಾದರೆ ಬೆಳಕಿನ ಸ್ವಿಚ್ ಸೊಗಸಾಗಿ ದುಡಿಯುತ್ತದೆ.

ನಾಲ್ಕು ತಂತಿಗಳ ಗುಟ್ಟು

ಬಿಡಿ ತುಂಡನ್ನು ಕೊಂಡರೆ ಎರಡು ರೆಸಿಸ್ಟರುಗಳನ್ನು ನೀವೇ ಸೇರಿಸಬೇಕು. ಎಲ್‌ಇಡಿಯನ್ನು ನೇರವಾಗಿ 5 ವೋಲ್ಟಿಗೆ ಕೊಟ್ಟರೆ ಸುಟ್ಟುಹೋಗುತ್ತದೆ. ಅತಿಗೆಂಪು ಎಲ್‌ಇಡಿ ತನಗಾಗಿ ಸುಮಾರು 1.2 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 3.8 ವೋಲ್ಟಿಗೆ 220 ಓಮಿನ ರೆಸಿಸ್ಟರ್ ಅಡ್ಡವಿಟ್ಟರೆ ಹರಿಯುವ ವಿದ್ಯುತ್ ಸುಮಾರು 17 ಮಿಲಿ ಆಂಪಿಯರ್. ಅಷ್ಟು ಸಾಕು. ಫೋಟೋ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 5 ವೋಲ್ಟಿನಿಂದ 4.7 ಕಿಲೋ ಓಮಿನ ರೆಸಿಸ್ಟರ್ ಕೊಟ್ಟು, ಎಮಿಟರನ್ನು ಗ್ರೌಂಡಿಗೆ ಸೇರಿಸಿ. ಕಲೆಕ್ಟರಿನಿಂದಲೇ ಗಣಕಕ್ಕೆ ತಂತಿ ಎಳೆಯಿರಿ.

ಈಗ ಬೆಳಕು ಬೀಳುತ್ತಿರುವಾಗ ಆ ತಂತಿಯಲ್ಲಿ ವೋಲ್ಟೇಜು ಸೊನ್ನೆಯ ಹತ್ತಿರ. ಫ್ಲ್ಯಾಗ್ ಅಡ್ಡ ಬಂದರೆ 5ರ ಹತ್ತಿರ. ಈ ಜೋಡಣೆಯಲ್ಲಿ ಒಂದು ಜಾಣತನವಿದೆ. ಎಲ್‌ಇಡಿ ಕೆಟ್ಟರೂ, ಗಣಕದ ಬದಿಯಲ್ಲಿ ರೆಸಿಸ್ಟರ್ ಇಟ್ಟಿದ್ದು ದಾರಿಯಲ್ಲಿ ತಂತಿ ಕಡಿದರೂ, ಸಂದಿಗೆ ಕಸ ತುಂಬಿದರೂ ಗಣಕಕ್ಕೆ ಕಾಣುವುದು 'ಸ್ವಿಚ್ ತಾಗಿದೆ' ಎಂಬ ಸೂಚನೆಯೇ. ಯಂತ್ರ ಮುನ್ನುಗ್ಗುವ ಬದಲು ತಡೆಯುತ್ತದೆ. ಕೆಟ್ಟರೂ ಅನಾಹುತವಾಗದ ಹಾಗೆ ಕೆಡಬೇಕು. ಇದು ಎಂಜಿನಿಯರಿಂಗಿನ ದೊಡ್ಡ ಪಾಠ.

ಸಿದ್ಧ ಜೋಡಣೆಯ ಕೈಗಾರಿಕಾ ಸ್ವಿಚ್ಚುಗಳೂ ಸಿಗುತ್ತವೆ. ಒಳಗೇ ಮಂಡಲ, ಸೂಚಕ ದೀಪ ಎಲ್ಲವೂ ಇರುತ್ತದೆ. ಬೆಲೆ ಹೆಚ್ಚು, ತಲೆನೋವು ಕಡಿಮೆ. ಆದರೆ ಎಷ್ಟು ವೋಲ್ಟಿನದು, ಎನ್‌ಪಿಎನ್ ಮಾದರಿಯೇ ಪಿಎನ್‌ಪಿ ಮಾದರಿಯೇ ಎಂದು ತಾಂತ್ರಿಕ ಹಾಳೆಯನ್ನು ಓದಿಯೇ ಕೊಳ್ಳಿ. 24 ವೋಲ್ಟಿನ ಪಿಎನ್‌ಪಿ ಸ್ವಿಚ್ಚಿನ ತಂತಿಯನ್ನು 5 ವೋಲ್ಟಿನ ಬೋರ್ಡಿಗೆ ನೇರ ಕೊಟ್ಟರೆ ಬೋರ್ಡು ಕೈಬಿಟ್ಟಂತೆಯೇ. ನಡುವೆ ಆಪ್ಟೋಕಪ್ಲರ್ ಇರಬೇಕು.

ಎಲ್ಲಿ, ಹೇಗೆ ಕೂರಿಸಬೇಕು?

ಸಾಧ್ಯವಾದೆಡೆ ಸ್ವಿಚ್ ನಿಂತ ಭಾಗದಲ್ಲಿರಲಿ, ಫ್ಲ್ಯಾಗ್ ಚಲಿಸುವ ಭಾಗದಲ್ಲಿರಲಿ. ಆಗ ತಂತಿ ಎಳೆದಾಡುವುದು ತಪ್ಪುತ್ತದೆ. ಜೆಡ್ ಸ್ವಿಚ್ ಕಂಬದ ಮೇಲ್ಭಾಗದಲ್ಲಿ, ವೈ ಸ್ವಿಚ್ ತಳದಲ್ಲಿ, ಎಕ್ಸ್ ಸ್ವಿಚ್ ಮೇಜಿನ ಕೆಳಗಿನ ಸ್ಯಾಡಲಿನ ಮೇಲೆ. ಕೊನೆಯದು ಮಾತ್ರ ವೈ ದಿಕ್ಕಿನಲ್ಲಿ ಸ್ಯಾಡಲಿನ ಜೊತೆ ಓಡಾಡುವುದರಿಂದ ಅದರ ತಂತಿಗೆ ಸ್ವಲ್ಪ ಸಡಿಲ ಬಿಡಬೇಕು.

ಸಂದಿನ ಬಾಯಿ ಮೇಲ್ಮುಖವಾಗಿರಬಾರದು. ಚೂರುಗಳಿಗೆ ಅದೊಂದು ಬಟ್ಟಲಾಗುತ್ತದೆ. ಬಾಯಿ ಕೆಳಕ್ಕೆ ಅಥವಾ ಪಕ್ಕಕ್ಕೆ ಇರಲಿ. ಮೇಲೊಂದು ತಗಡಿನ ಮುಚ್ಚಳವಿರಲಿ. ಫ್ಲ್ಯಾಗನ್ನು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ನೇರ ಮಾಡಿ, ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಸಂದಿನ ಎರಡು ಗೋಡೆಗಳಿಗೂ ತಾಗದೆ ನಡುವೆ ಹಾಯಬೇಕು.

ಫ್ಲ್ಯಾಗಿನ ಉದ್ದದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಿರಣ ಕಡಿದ ಕೂಡಲೇ ಮೇಜು ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಜಾರುತ್ತದೆ. ಫ್ಲ್ಯಾಗ್ ಗಿಡ್ಡವಾಗಿದ್ದರೆ ಸಂದಿನಿಂದ ಆಚೆ ಹೊರಟುಹೋಗಬಹುದು. ಆಗ ಗಣಕಕ್ಕೆ ಮತ್ತೆ ಬೆಳಕು ಕಂಡು, ಮನೆ ಇನ್ನೂ ಮುಂದಿದೆ ಎಂದು ಭ್ರಮೆ ಹುಟ್ಟಿ, ಮೇಜನ್ನು ಗೋಡೆಗೆ ಗುದ್ದಿಸುತ್ತದೆ. ಆದ್ದರಿಂದ ಸ್ವಿಚ್ ತಾಗುವ ಬಿಂದುವಿನಿಂದ ಯಂತ್ರದ ಗಟ್ಟಿ ಕೊನೆಯವರೆಗೂ ಫ್ಲ್ಯಾಗ್ ಸಂದಿನೊಳಗೇ ಇರುವಷ್ಟು ಉದ್ದವಿರಲಿ.

ತಂತಿಗೆ ಕವಚವಿರುವ ಶೀಲ್ಡೆಡ್ ಕೇಬಲ್ ಬಳಸಿ, ಕವಚವನ್ನು ಒಂದು ತುದಿಯಲ್ಲಿ ಮಾತ್ರ ಗ್ರೌಂಡಿಗೆ ಸೇರಿಸಿ. ಮೋಟಾರಿನ ತಂತಿಗಳ ಜೊತೆ ಒಂದೇ ಕೊಳವೆಯಲ್ಲಿ ತೂರಿಸಬೇಡಿ.

ಸಂಜೆ ಮಾತ್ರ ಬರುತ್ತಿದ್ದ ದೋಷ

ಈಗ ನಾನು ಹೇಳಬೇಕೆಂದಿದ್ದ ಪ್ರಸಂಗ. ಡಿಪ್ಲೊಮಾ ಕೊನೆಯ ವರ್ಷದ ಹುಡುಗನೊಬ್ಬ ಪ್ರಾಜೆಕ್ಟಿಗೆಂದು ಹಳೆಯ ಬೆಂಚ್ ಮಿಲ್ಲಿಂಗ್ ಯಂತ್ರವನ್ನು ಪರಿವರ್ತಿಸುತ್ತಿದ್ದ. ಸಲಹೆಗೆಂದು ಆಗಾಗ ನನ್ನನ್ನು ಕರೆಯುತ್ತಿದ್ದ. ಯಂತ್ರ ಅವನ ತಂದೆಯದು. ಅವರು ಮೂವತ್ತು ವರ್ಷ ಸಣ್ಣ ಷೆಡ್ಡುಗಳಲ್ಲಿ ಕೈಚಕ್ರ ತಿರುಗಿಸಿ ದುಡಿದವರು. ಎಂಟನೆಯ ತರಗತಿಗೆ ಓದು ನಿಲ್ಲಿಸಿದವರು. ಮಗ ಗಣಕದ ಮುಂದೆ ಕೂತಾಗ ಅವರು ದೂರದಲ್ಲಿ ನಿಲ್ಲುತ್ತಿದ್ದರು. ಇದು ತಮಗೆ ತಿಳಿಯದ ವಿದ್ಯೆ ಎಂಬ ಸಂಕೋಚ. ಮಗನೂ ಏನನ್ನೂ ಕೇಳುತ್ತಿರಲಿಲ್ಲ.

ಹುಡುಗ ಫ್ಲ್ಯಾಗನ್ನು ಕಪ್ಪು ಛಾಯೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿ ಕೂರಿಸಿದ್ದ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಒಂದು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಪ್ರಾಜೆಕ್ಟು ಒಪ್ಪಿಸಲು ಹತ್ತು ದಿನವಿರುವಾಗ, ಒಂದು ಸಂಜೆ ಮೇಜು ಮನೆಯ ಬಿಂದುವನ್ನು ದಾಟಿ ಸೀದಾ ಕೊನೆಗೆ ಗುದ್ದಿತು. ಮೋಟಾರು ಗುರ್ ಎಂದು ನರಳಿತು, ಕಪ್ಲಿಂಗ್ ಮುರಿಯಿತು. ಕಪ್ಲಿಂಗ್ ಬದಲಿಸಿ ಮರುದಿನ ಬೆಳಿಗ್ಗೆ ನೂರು ಸಲ ಓಡಿಸಿದರೂ ದೋಷ ಕಾಣಲಿಲ್ಲ. ಸಂಜೆ ಮತ್ತೆ ಅದೇ. ಹುಡುಗ ರಾತ್ರಿಯೆಲ್ಲ ಕೂತು ತಂತ್ರಾಂಶದ ಸಾಲುಗಳನ್ನು ತಿದ್ದಿದ. ಬೋರ್ಡು ಬದಲಿಸಿದ. ಫಲವಿಲ್ಲ. ಪ್ರಾಜೆಕ್ಟನ್ನೇ ಕೈಬಿಡುವ ಮಾತಾಡಿದ.

ಮೂರನೆಯ ಸಂಜೆ ಅವನ ತಂದೆ ಯಂತ್ರದ ಹತ್ತಿರ ಬಂದು ಸುಮ್ಮನೆ ಸ್ವಿಚ್ಚಿನ ಮೇಲೆ ಅಂಗೈ ಮರೆಮಾಡಿ ಹಿಡಿದರು. ಮೀಟರಿನ ಮುಳ್ಳು ಏರಿತು. ಕೈ ತೆಗೆದರು, ಇಳಿಯಿತು. ಪಶ್ಚಿಮದ ಕಿಟಕಿಯತ್ತ ತೋರಿಸಿದರು. ಎರಡು ದಿನವೂ ಯಂತ್ರ ಗುದ್ದಿದ್ದು ಬಿಸಿಲಿನ ಕೋಲು ಮೇಜಿನ ಮೇಲೆ ಬಿದ್ದ ಹೊತ್ತಿನಲ್ಲೇ ಎಂದು ಅವರು ಗಮನಿಸಿದ್ದರು.

ಆಮೇಲೆ ಕಾರಣ ಬಿಡಿಸುವುದು ಕಷ್ಟವಾಗಲಿಲ್ಲ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಎಷ್ಟೋ ಪ್ಲಾಸ್ಟಿಕ್‌ಗಳು ಅತಿಗೆಂಪು ಕಿರಣಕ್ಕೆ ಗಾಜಿನಂತೆ ಪಾರದರ್ಶಕ. ಟಿ.ವಿ. ರಿಮೋಟಿನ ಮುಂಭಾಗದ ಕಪ್ಪು ಕಿಟಕಿಯೇ ಇದಕ್ಕೆ ಸಾಕ್ಷಿ. ಫ್ಲ್ಯಾಗ್ ಪೂರ್ತಿ ಅಡ್ಡವಿದ್ದಾಗ ಬೆಳಿಗ್ಗೆ ಅಳೆದರೆ 5 ವೋಲ್ಟಿನ ಹತ್ತಿರ ಇರಬೇಕಾದದ್ದು ಬರೀ 3.4 ಇತ್ತು. ಬೋರ್ಡು 3 ವೋಲ್ಟಿಗೆ ಮೇಲಿದ್ದುದನ್ನು 'ತಾಗಿದೆ' ಎಂದು ಓದುವುದರಿಂದ ಹೇಗೋ ದಾಟುತ್ತಿತ್ತು. ಸಂಜೆಯ ಬಿಸಿಲಿನಲ್ಲಿರುವ ಅತಿಗೆಂಪು ಕಿರಣ ಅದಕ್ಕೆ ಸೇರಿದಾಗ 1.2ಕ್ಕೆ ಇಳಿಯಿತು. ಗಣಕದ ಪಾಲಿಗೆ ಫ್ಲ್ಯಾಗ್ ಬರಲೇ ಇಲ್ಲ. ಉಕ್ಕಿನ ತಗಡಿನ ಫ್ಲ್ಯಾಗನ್ನು ತಂದೆಯೇ ಅರದಿಂದ ಉಜ್ಜಿ ಮಾಡಿಕೊಟ್ಟರು. ಮೇಲೊಂದು ಮರೆಯನ್ನೂ ಕೂರಿಸಿದರು. ಮೀಟರ್ 4.9 ತೋರಿಸಿತು. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ.

ಫ್ಲ್ಯಾಗನ್ನು ಕಣ್ಣಿನಿಂದ ನೋಡಿ ಸರಿ ಎಂದ ತಪ್ಪು ಹುಡುಗನದಷ್ಟೇ ಅಲ್ಲ, ನನ್ನದೂ ಹೌದು. ಮೊದಲ ದಿನವೇ ಮೀಟರ್ ಹಿಡಿದಿದ್ದರೆ ಒಂದು ಕಪ್ಲಿಂಗೂ ಮೂರು ರಾತ್ರಿಯ ನಿದ್ದೆಯೂ ಉಳಿಯುತ್ತಿತ್ತು.

ಹತ್ತು ಸಲ ಮನೆಗೆ ಹೋಗಿ ಬನ್ನಿ

ಜೋಡಣೆ ಮುಗಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಮನೆಗೆ ಹೋಗುವುದನ್ನು ಎರಡು ಹಂತದಲ್ಲಿ ಮಾಡಿಸಿ. ಮೊದಲು ನಿಮಿಷಕ್ಕೆ 600 ಮಿಲಿಮೀಟರ್ ವೇಗದಲ್ಲಿ ಸ್ವಿಚ್ ಹುಡುಕಲಿ, ಆಮೇಲೆ ಸ್ವಲ್ಪ ಹಿಂದೆ ಸರಿದು ನಿಮಿಷಕ್ಕೆ 60ರ ವೇಗದಲ್ಲಿ ಮತ್ತೆ ತಾಗಲಿ. ಕಾರಣ ಸರಳ ಗಣಿತ. 600ರ ವೇಗವೆಂದರೆ ಸೆಕೆಂಡಿಗೆ 10 ಮಿಲಿಮೀಟರ್. ಗಣಕ ಗಮನಿಸುವುದು ಸೆಕೆಂಡಿನ ಸಾವಿರದ ಒಂದು ಪಾಲು ತಡವಾದರೂ 0.01 ಮಿಲಿಮೀಟರ್ ವ್ಯತ್ಯಾಸ. 60ರ ವೇಗದಲ್ಲಿ ಅದೇ ತಡಕ್ಕೆ 0.001 ಮಾತ್ರ.

ಮೇಜಿಗೆ ಡಯಲ್ ಇಂಡಿಕೇಟರ್ ತಾಗಿಸಿಟ್ಟು ಹತ್ತು ಸಲ ಮನೆಗೆ ಕಳಿಸಿ, ಪ್ರತಿ ಸಲದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಬೆಳಿಗ್ಗೆ ಹತ್ತು ಸಲ, ಮಧ್ಯಾಹ್ನ ಹತ್ತು ಸಲ, ಸಂಜೆ ದೀಪ ಹಾಕಿದ ಮೇಲೆ ಹತ್ತು ಸಲ. ಅಂಕಿಗಳು ಒಂದೆರಡು ಗೀಟಿನೊಳಗೆ ಇದ್ದರೆ ನಿಮ್ಮ ಜೋಡಣೆ ಗೆದ್ದಿತು. ಚದುರಿದರೆ ಬ್ರಾಕೆಟ್ಟು ಅಲುಗುತ್ತಿದೆಯೇ, ಸ್ಕ್ರೂನಲ್ಲಿ ಸಡಿಲವಿದೆಯೇ ನೋಡಿ. ಮೀಟರಿನಲ್ಲಿ ಫ್ಲ್ಯಾಗ್ ಇದ್ದಾಗಿನ, ಇಲ್ಲದಾಗಿನ ವೋಲ್ಟೇಜನ್ನೂ ಬರೆದಿಡಿ.

ಇನ್ನೊಂದು ಎಚ್ಚರಿಕೆ. ಹೋಮ್ ಸ್ವಿಚ್ ಎಂದರೆ ರಕ್ಷಣೆಯ ಸ್ವಿಚ್ ಅಲ್ಲ. ತುರ್ತಿಗೆ ಒತ್ತುವ ದೊಡ್ಡ ಕೆಂಪು ಗುಂಡಿ ಬೇರೆಯೇ ಇರಬೇಕು. ಅದು ಗಣಕದ ಅಪ್ಪಣೆಗೆ ಕಾಯದೆ ಮೋಟಾರಿನ ಮತ್ತು ಸ್ಪಿಂಡಲಿನ ವಿದ್ಯುತ್ತನ್ನೇ ಕಡಿಯಬೇಕು. ಮೊದಲ ಪರೀಕ್ಷೆಗಳನ್ನು ಕಟರ್ ತೆಗೆದು, ಕೈ ಆ ಗುಂಡಿಯ ಹತ್ತಿರ ಇಟ್ಟುಕೊಂಡೇ ಮಾಡಿ.

ತಂದೆ ತಾಯಿಯರಿಗೆ ಒಂದು ಮಾತು

ಮಕ್ಕಳು ಇಂಥ ಪ್ರಾಜೆಕ್ಟಿಗೆ ದುಡ್ಡು ಕೇಳಿದಾಗ ಸಿದ್ಧಪಡಿಸಿದ್ದನ್ನೇ ಕೊಂಡು ಒಪ್ಪಿಸು ಎನ್ನುವವರುಂಟು. ಕೊಂಡು ತಂದದ್ದರಲ್ಲಿ ಅಂಕ ಸಿಗಬಹುದು, ದೋಷ ಹುಡುಕುವ ವಿದ್ಯೆ ಸಿಗದು. ನಾಳೆ ಕಾರ್ಖಾನೆಯಲ್ಲಿ ಅನ್ನ ಕೊಡುವುದು ಆ ವಿದ್ಯೆಯೇ. ಈ ದಾರಿಯಲ್ಲಿ ಮುಂದುವರಿಯುವ ಆಸೆಯಿದ್ದರೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಇಂದು ರಾಜ್ಯದ ಬೇರೆ ಊರುಗಳಲ್ಲೂ ಅದರ ಕೇಂದ್ರಗಳಿವೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಯಂತ್ರೋಪಕರಣಗಳ ಸಂಶೋಧನೆಗೇ ಮೀಸಲಾದದ್ದು.

ನಿಮಗೆ ಗಣಕ ತಿಳಿಯದಿದ್ದರೆ ದೂರ ನಿಲ್ಲಬೇಡಿ. ಹತ್ತಿರ ಹೋಗಿ ನೋಡಿ, ಕಂಡದ್ದನ್ನು ಹೇಳಿ. ಮಕ್ಕಳೇ, ನೀವೂ ಕರೆದು ಕೇಳಿ.

ಆ ಹುಡುಗನ ಪ್ರಾಜೆಕ್ಟು ಸಮಯಕ್ಕೆ ಮುಗಿಯಿತು. ಒಪ್ಪಿಸುವ ದಿನ ಪರೀಕ್ಷಕರು ಫ್ಲ್ಯಾಗನ್ನು ಉಕ್ಕಿನಲ್ಲೇ ಏಕೆ ಮಾಡಿದೆ ಎಂದು ಕೇಳಿದರಂತೆ. ಹುಡುಗ ಬಿಸಿಲಿನ ಕಥೆಯನ್ನೆಲ್ಲ ಹೇಳಿ, ಕಾರಣ ಕಂಡುಹಿಡಿದದ್ದು ನಾನಲ್ಲ, ನನ್ನ ಅಪ್ಪ ಎಂದನಂತೆ. ಅದನ್ನು ನನಗೆ ಹೇಳಿದ್ದು ಮಗನಲ್ಲ, ತಂದೆ. ಹೇಳುವಾಗ ಅವರು ಯಂತ್ರದ ಮೇಜನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅದು ಆಗಲೇ ಸ್ವಚ್ಛವಾಗಿತ್ತು.